ಕುದುರೆಯ ಚರ್ಮದಿಂದ ಮನುಷ್ಯನ ಕಣ್ಣಿನವರೆಗೆ

ಕುದುರೆಗಳಿಗೆ ಅಂಟುವ ಒಂದು ಹುಳುವಿದೆ, ಹೆಸರು ಓಂಕೊಸರ್ಕಾ ಸರ್ವಿಕಾಲಿಸ್. ದಾರದಷ್ಟು ತೆಳ್ಳಗಿನ ಈ ಹುಳು ಬೆಳೆದ ಮೇಲೆ ಕುದುರೆಯ ಕತ್ತಿನ ಗಟ್ಟಿ ನಾರುಗಳ ನಡುವೆ ನೆಲೆ ನಿಲ್ಲುತ್ತದೆ. ಅದರ ಮರಿಗಳು ಮಾತ್ರ ಅಲ್ಲಿ ಉಳಿಯುವುದಿಲ್ಲ. ಬರಿಗಣ್ಣಿಗೆ ಕಾಣದ ಆ ಮರಿಹುಳುಗಳು ಮೈಯೊಳಗೇ ಸರಿದಾಡಿ ಹೊಟ್ಟೆಯ ಕೆಳಭಾಗದ ಚರ್ಮಕ್ಕೆ ಬಂದು ಸೇರುತ್ತವೆ. ಕಚ್ಚುವ ನುಸಿಗಳು ಬಂದು ಅವನ್ನು ಹೀರಿಕೊಂಡು ಇನ್ನೊಂದು ಕುದುರೆಗೆ ದಾಟಿಸುತ್ತವೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಮರ್ಕ್ ಕಂಪನಿಯ ವಿಜ್ಞಾನಿಗಳು ಕುದುರೆಗಳ ಜಂತುಹುಳುವಿಗೆಂದು ಹೊಸ ಔಷಧವೊಂದನ್ನು ಪರೀಕ್ಷಿಸುತ್ತಿದ್ದರು. ಕರುಳಿನ ಹುಳುಗಳೇನೋ ನಿರೀಕ್ಷೆಯಂತೆ ಸತ್ತವು. ಅವುಗಳ ಜೊತೆಗೆ ಚರ್ಮದಲ್ಲಿದ್ದ ಮರಿಹುಳುಗಳೂ ಇಲ್ಲವಾದವು.

ಕುದುರೆ ಸಾಕುವವರಿಗೆ ಇದು ದೊಡ್ಡ ಸುದ್ದಿಯೇನಲ್ಲ, ಏಕೆಂದರೆ ಚರ್ಮದ ಈ ಮರಿಹುಳುಗಳಿಂದ ಹೆಚ್ಚಿನ ಕುದುರೆಗಳಿಗೆ ಅಂಥ ತೊಂದರೆಯಿಲ್ಲ. ಆದರೆ ಆ ಕಂಪನಿಯಲ್ಲಿದ್ದ ಪರೋಪಜೀವಿ ತಜ್ಞ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ ಇದು ಬಹಳ ದೊಡ್ಡ ಸುದ್ದಿಯಾಗಿತ್ತು. ಇದೇ ಕುಲದ ಇನ್ನೊಂದು ಹುಳು, ಓಂಕೊಸರ್ಕಾ ವಾಲ್ವ್ಯುಲಸ್, ಮನುಷ್ಯನ ಮೈಯಲ್ಲಿ ಬದುಕುತ್ತದೆ. ಆಫ್ರಿಕಾದ ನದಿ ಕಣಿವೆಗಳಲ್ಲಿ ಅದು ಲಕ್ಷಾಂತರ ಜನರ ಕಣ್ಣು ಕಿತ್ತುಕೊಂಡಿತ್ತು.

ಭಾರತದಲ್ಲಿ ಈ ರೋಗ ಬೇರೂರಿಲ್ಲವಾದ್ದರಿಂದ ನಮಗೆ ಅದರ ಪರಿಚಯ ಕಡಿಮೆ. ನದಿಕುರುಡು ಎನ್ನಬಹುದಾದ ಈ ಕಾಯಿಲೆಯನ್ನು ಹರಡುವುದು ಒಂದು ಪುಟ್ಟ ಕಪ್ಪು ನೊಣ. ಅದರ ಮರಿಗಳು ಬೆಳೆಯಲು ರಭಸದಿಂದ ಹರಿಯುವ, ಗಾಳಿ ಚೆನ್ನಾಗಿ ಬೆರೆತ ನೀರೇ ಬೇಕು. ಹಾಗಾಗಿ ಹೊಳೆಯಂಚಿನ ಫಲವತ್ತಾದ ಹೊಲಗಳಲ್ಲಿ ಉಳುವವರಿಗೇ ಕಡಿತ ಹೆಚ್ಚು. ನೊಣ ಕಚ್ಚಿ ಒಳಬಿಟ್ಟ ಹುಳು ಚರ್ಮದ ಕೆಳಗೆ ಗಂಟು ಕಟ್ಟಿಕೊಂಡು 10ರಿಂದ 15 ವರ್ಷ ಬದುಕುತ್ತದೆ. ಹೆಣ್ಣು ಹುಳು ದಿನವೂ ನೂರಾರು ಮರಿಗಳನ್ನು ಹಾಕುತ್ತದೆ. ಮರಿಗಳು ಚರ್ಮವಿಡೀ ಹರಡಿದಾಗ ತಡೆಯಲಾಗದ ತುರಿಕೆ ಶುರುವಾಗುತ್ತದೆ, ಕೆರೆದು ಕೆರೆದು ಚರ್ಮ ದಪ್ಪಗಟ್ಟುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ. ಕೆಲವು ಮರಿಗಳು ಕಣ್ಣಿಗೂ ಹೋಗುತ್ತವೆ. ಅವು ಅಲ್ಲಿ ಸತ್ತಾಗಲೆಲ್ಲ ಕಣ್ಣಿನ ಪಾರದರ್ಶಕ ಪೊರೆ ಉರಿದು ಕಲೆಗಟ್ಟುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಬೆಳಕು ಪೂರ್ತಿ ಹೋಗುತ್ತದೆ. ಪಶ್ಚಿಮ ಆಫ್ರಿಕಾದ ಕೆಲವು ಸಮುದಾಯಗಳಲ್ಲಿ 40 ದಾಟಿದ ಗಂಡಸರ ಪೈಕಿ ಅರ್ಧದಷ್ಟು ಜನ ಕುರುಡರಾಗಿದ್ದರು. ದೃಷ್ಟಿ ಹೋದ ಹಿರಿಯರನ್ನು ಕೋಲಿನ ತುದಿ ಹಿಡಿದು ಮಕ್ಕಳು ನಡೆಸಿಕೊಂಡು ಹೋಗುವುದು ಅಲ್ಲಿ ದಿನನಿತ್ಯದ ನೋಟವಾಗಿತ್ತು. ಕೊನೆಗೆ ಜನ ಒಳ್ಳೆಯ ಮಣ್ಣಿನ ಕಣಿವೆಗಳನ್ನೇ ತೊರೆದು ಬರಡು ದಿಬ್ಬಗಳಿಗೆ ಗುಳೆ ಹೋದರು.

ಹುಳು, ಕುರುಡು ಮತ್ತು ನೊಣ, ಈ ಮೂರರ ನಂಟು ಬಿಡಿಸಿಕೊಳ್ಳಲು ವಿಜ್ಞಾನಕ್ಕೆ ಅರ್ಧ ಶತಮಾನ ಹಿಡಿಯಿತು. 1875ರಲ್ಲಿ ಈಗಿನ ಘಾನಾದ ಕರಾವಳಿಯಲ್ಲಿ ಜಾನ್ ಓ'ನೀಲ್ ಎಂಬ ನೌಕಾಪಡೆಯ ವೈದ್ಯ ತುರಿಕೆಯ ಚರ್ಮದಲ್ಲಿ ಮರಿಹುಳುಗಳನ್ನು ಕಂಡ. 1915ರಲ್ಲಿ ಗ್ವಾಟೆಮಾಲಾದ ರೊಡಾಲ್ಫೊ ರೋಬ್ಲೆಸ್ ಅವುಗಳನ್ನು ಕಣ್ಣಿನ ರೋಗದೊಂದಿಗೆ ಜೋಡಿಸಿದರು. 1926ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ಡೊನಾಲ್ಡ್ ಬ್ಲ್ಯಾಕ್‌ಲಾಕ್ ಕಪ್ಪು ನೊಣದ ಪಾತ್ರವನ್ನು ತೋರಿಸಿಕೊಟ್ಟರು. ಇಷ್ಟೆಲ್ಲ ತಿಳಿದ ಮೇಲೂ ಊರಿಗೆ ಊರೇ ನುಂಗಬಹುದಾದ ಸುರಕ್ಷಿತ ಔಷಧ ಮಾತ್ರ ಇರಲಿಲ್ಲ. ತೆಲುಗು ನಾಡಿನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯ 1940ರ ದಶಕದಲ್ಲಿ ರೂಪಿಸಿದ ಡಿಇಸಿ ಮಾತ್ರೆ ಆನೆಕಾಲು ರೋಗಕ್ಕೆ ವರವಾಗಿ ಬಂದಿತ್ತು. ನದಿಕುರುಡು ಇದ್ದವರಿಗೆ ಅದನ್ನೇ ಕೊಟ್ಟರೆ ಚರ್ಮದಲ್ಲಿ, ಕಣ್ಣಿನಲ್ಲಿ ಮರಿಹುಳುಗಳೆಲ್ಲ ಒಮ್ಮೆಗೇ ಸತ್ತು ಭಯಂಕರ ಪ್ರತಿಕ್ರಿಯೆ ಎಬ್ಬಿಸುತ್ತಿದ್ದವು. ದೃಷ್ಟಿ ಉಳಿಸಲು ಕೊಟ್ಟ ಮಾತ್ರೆಯಿಂದಲೇ ದೃಷ್ಟಿ ಹೋಗುವ ಭಯವಿತ್ತು.

ಇಂಥ ಹೊತ್ತಿನಲ್ಲಿ ಕುದುರೆಯ ಚರ್ಮ ಕೊಟ್ಟ ಸುಳಿವನ್ನು ಹಿಡಿಯಲು ಕ್ಯಾಂಪ್‌ಬೆಲ್ ಅವರಂಥವರೇ ಬೇಕಿತ್ತು. ಅವರು ಹುಟ್ಟಿದ್ದು 1930ರಲ್ಲಿ, ಐರ್ಲೆಂಡಿನ ಡೊನೆಗಾಲ್ ಜಿಲ್ಲೆಯ ರ‍್ಯಾಮೆಲ್ಟನ್ ಎಂಬ ಸಣ್ಣ ಊರಿನಲ್ಲಿ. ತಂದೆಯದು ರೈತರಿಗೆ ಬೇಕಾದ ಸಾಮಾನು ಮಾರುವ ವ್ಯಾಪಾರ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಡೆಸ್ಮಂಡ್ ಸ್ಮಿತ್ ಎಂಬ ಪ್ರಾಧ್ಯಾಪಕರು ಅವರಿಗೆ ಹುಳುಗಳ ಹುಚ್ಚು ಹಿಡಿಸಿದರು. ಅಲ್ಲಿಂದ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಜಿಂಕೆ ಮತ್ತು ಕುರಿಗಳ ಪಿತ್ತಜನಕಾಂಗದಲ್ಲಿ ಸೇರುವ ದೊಡ್ಡ ಚಪ್ಪಟೆ ಹುಳುವಿನ ಮೇಲೆ ಸಂಶೋಧನೆ ನಡೆಸಿ 1957ರಲ್ಲಿ ಡಾಕ್ಟರೇಟ್ ಪಡೆದರು.

ಆ ಚಪ್ಪಟೆ ಹುಳುವಿನ ನಡತೆಯನ್ನು ಇಲ್ಲಿ ಹೇಳಲೇಬೇಕು. ಜಿಂಕೆಯ ಪಿತ್ತಜನಕಾಂಗಕ್ಕೆ ಹೊಕ್ಕರೆ ಅದರ ಸುತ್ತ ಜಿಂಕೆಯ ದೇಹ ಒಂದು ಚೀಲ ಕಟ್ಟುತ್ತದೆ; ಹುಳು ಅದರೊಳಗೆ ಇರುತ್ತದೆ, ಜಿಂಕೆಯೂ ಬದುಕಿಕೊಳ್ಳುತ್ತದೆ. ಅದೇ ಹುಳು ಕುರಿಯೊಳಗೆ ಹೊಕ್ಕರೆ ಎಲ್ಲಿಯೂ ನಿಲ್ಲದೆ ಪಿತ್ತಜನಕಾಂಗವನ್ನು ಕೊರೆಯುತ್ತಾ ಅಲೆಯುತ್ತದೆ. ಒಂದೆರಡು ಹುಳು ಸಾಕು, ಕುರಿ ಸಾಯುತ್ತದೆ. ಹುಳು ಒಂದೇ ಆದರೂ ಹೊಕ್ಕ ಮೈ ಬೇರೆಯಾದಾಗ ರೋಗವೇ ಬೇರೆಯಾಗುತ್ತದೆ. ಒಂದು ಪ್ರಾಣಿಯ ಹುಳುವನ್ನು ನೋಡುವಾಗ ಇನ್ನೊಂದು ಪ್ರಾಣಿಯಲ್ಲಿ ಅದು ಏನು ಮಾಡೀತು ಎಂದು ಕೇಳಿಕೊಳ್ಳುವ ಅಭ್ಯಾಸ ಇಂಥ ಕೆಲಸದಲ್ಲೇ ಬೆಳೆಯುತ್ತದೆ. 1957ರಲ್ಲೇ ಮರ್ಕ್ ಸೇರಿದ ಕ್ಯಾಂಪ್‌ಬೆಲ್ 1990ರವರೆಗೆ ಅಲ್ಲೇ ಇದ್ದರು. ಹಂದಿ ಮಾಂಸದಿಂದ ಮನುಷ್ಯನಿಗೆ ಬರುವ ಟ್ರಿಕಿನೆಲ್ಲಾ ಹುಳುವಿನ ಬಗ್ಗೆ ಅವರು ಸಂಪಾದಿಸಿದ ಗ್ರಂಥವೇ ಇದೆ. ಪಶುವೈದ್ಯದ ಹುಳು, ಮನುಷ್ಯವೈದ್ಯದ ಹುಳು ಎಂಬ ಗೋಡೆಯನ್ನು ಎಬ್ಬಿಸಿದವರು ಮನುಷ್ಯರೇ. ಕ್ಯಾಂಪ್‌ಬೆಲ್ ತಮ್ಮ ವೃತ್ತಿಯುದ್ದಕ್ಕೂ ಆ ಗೋಡೆಯ ಎರಡೂ ಬದಿ ಓಡಾಡಿದರು.

ಇನ್ನು ಆ ಔಷಧ ಬಂದ ದಾರಿ. ಜಪಾನಿನ ಕಿಟಸಾಟೊ ಸಂಸ್ಥೆಯ ಸಟೋಶಿ ಒಮುರಾ ರೈತರ ಮನೆಯಲ್ಲಿ ಹುಟ್ಟಿ, ಟೋಕಿಯೊದ ರಾತ್ರಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾ ರಸಾಯನ ವಿಜ್ಞಾನಿಯಾದವರು. ಎಲ್ಲಿಗೆ ಹೋದರೂ ಪ್ಲಾಸ್ಟಿಕ್ ಚೀಲ ಜೊತೆಗಿಟ್ಟುಕೊಂಡು ಮಣ್ಣು ಸಂಗ್ರಹಿಸುವುದು ಅವರ ರೂಢಿ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ತಮ್ಮ ತಮ್ಮೊಳಗಿನ ಬದುಕಿನ ಹೋರಾಟಕ್ಕೆ ಎಷ್ಟೋ ಬಗೆಯ ರಾಸಾಯನಿಕಗಳನ್ನು ತಯಾರಿಸುತ್ತವೆ. ಕ್ಷಯರೋಗದ ಔಷಧ ಸ್ಟ್ರೆಪ್ಟೊಮೈಸಿನ್ ಕೂಡ ಹಾಗೆ ಸಿಕ್ಕಿದ್ದೇ. ಒಮುರಾ 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿದ್ದಾಗ ಮರ್ಕ್ ಜೊತೆ ಒಪ್ಪಂದವೊಂದು ಕುದುರಿತ್ತು. ಅವರ ತಂಡ ಮಣ್ಣಿನ ಜೀವಿಗಳನ್ನು ಬೇರ್ಪಡಿಸಿ ವಿಶೇಷವೆನಿಸಿದ್ದನ್ನು ಆರಿಸಿ ಕಳಿಸಬೇಕು, ಮರ್ಕ್ ಅದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಬೇಕು. ಹಾಗೆ ಹೋದ ಐವತ್ತಕ್ಕೂ ಹೆಚ್ಚು ಮಾದರಿಗಳಲ್ಲಿ ಶಿಜುವೊಕಾ ಪ್ರಾಂತ್ಯದ ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಪಕ್ಕದಿಂದ ತೆಗೆದ ಮಣ್ಣಿನದೂ ಒಂದಿತ್ತು.

ಮರ್ಕ್‌ನಲ್ಲಿ ಹುಳು ಹತ್ತಿಸಿದ ಇಲಿಗಳ ಆಹಾರಕ್ಕೆ ಈ ಮಾದರಿಗಳ ರಸ ಬೆರೆಸಿ ತಿನ್ನಿಸಿದರು. ಕೆಲವು ದಿನಗಳ ಬಳಿಕ ಇಲಿಗಳ ಕರುಳು ಬಿಡಿಸಿ ಹುಳು ಎಣಿಸಿದಾಗ ಒಂದೇ ಒಂದು ಮಾದರಿ ಹುಳುಗಳನ್ನು ಪೂರ್ತಿ ಅಳಿಸಿಹಾಕಿತ್ತು. ಅದು ಕವಾನಾದ ಮಣ್ಣಿನ ಜೀವಿ, ಸ್ಟ್ರೆಪ್ಟೊಮೈಸಿಸ್ ಅವರ್ಮಿಟಿಲಿಸ್. ಅದರ ಸಾರವನ್ನು ಅವರ್ಮೆಕ್ಟಿನ್ ಎಂದು ಕರೆದರು. ಮರ್ಕ್‌ನ ರಸಾಯನ ವಿಜ್ಞಾನಿಗಳು ಅದರ ಅಣುವಿನ ಒಂದು ಕಡೆ ಸಣ್ಣ ಬದಲಾವಣೆ ಮಾಡಿ ಇನ್ನಷ್ಟು ಸುರಕ್ಷಿತಗೊಳಿಸಿದಾಗ ಬಂದದ್ದೇ ಐವರ್ಮೆಕ್ಟಿನ್. ಕವಾನಾದ ಮಣ್ಣಿನ ಹೊರತು ಬೇರೆಲ್ಲಿಯೂ ಈ ಔಷಧ ಕೊಡುವ ಜೀವಿ ಇಷ್ಟು ವರ್ಷಗಳಲ್ಲಿ ಸಿಕ್ಕಿಲ್ಲ ಎಂಬುದು ಇವತ್ತಿಗೂ ಬೆರಗಿನ ಸಂಗತಿ.

ಅದರ ಕಸುವು ನಂಬಲಾಗದಷ್ಟಿತ್ತು. ದನ, ಕುರಿಗಳಿಗೆ ಮೈತೂಕದ ಪ್ರತಿ ಕಿಲೋಗೆ 0.2 ಮಿಲಿಗ್ರಾಂ ಸಾಕು. ಕರುಳಿನ ದುಂಡುಹುಳು, ಶ್ವಾಸಕೋಶದ ಹುಳು, ಕಜ್ಜಿಯ ನುಸಿ, ಹೇನು, ಒಳಗಿನವೂ ಹೊರಗಿನವೂ ಒಂದೇ ಔಷಧಕ್ಕೆ ಸಾಯುತ್ತಿದ್ದವು. ಹುಳು ಮತ್ತು ಕೀಟಗಳ ನರ, ಸ್ನಾಯುಗಳಲ್ಲಿ ಗ್ಲುಟಮೇಟ್ ತಾಗಿದಾಗ ತೆರೆಯುವ ಕ್ಲೋರೈಡ್ ಬಾಗಿಲುಗಳಿವೆ. ಐವರ್ಮೆಕ್ಟಿನ್ ಅವನ್ನು ತೆರೆದು ಹಾಗೇ ಹಿಡಿದಿಡುತ್ತದೆ, ಹುಳು ಮರಗಟ್ಟುತ್ತದೆ. ಸಸ್ತನಿಗಳಲ್ಲಿ ಅಂಥ ಬಾಗಿಲುಗಳಿಲ್ಲ. ಅದನ್ನು ಹೋಲುವ ಬೇರೆ ಬಾಗಿಲುಗಳು ಮಿದುಳಿನಲ್ಲಿವೆಯಾದರೂ ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಔಷಧವನ್ನು ಒಳಬಿಡುವುದಿಲ್ಲ. ಕೋಲಿ ಜಾತಿಯ ಹಲವು ನಾಯಿಗಳಲ್ಲಿ ಒಂದು ಜೀನಿನ ದೋಷದಿಂದ ಈ ತಡೆ ದುರ್ಬಲ. ಹೆಚ್ಚು ಪ್ರಮಾಣ ಕೊಟ್ಟರೆ ಅವು ವಾಲಾಡಿ ಬೀಳುತ್ತವೆ, ಸಾಯಲೂಬಹುದು. ಕ್ಯಾಂಪ್‌ಬೆಲ್ ಮೊದಲು ಅಧ್ಯಯನ ಮಾಡಿದ ಚಪ್ಪಟೆ ಹುಳುವಿಗೂ ಲಾಡಿಹುಳುವಿಗೂ ಈ ಔಷಧ ನಾಟುವುದಿಲ್ಲ. 1981ರಲ್ಲಿ ಮಾರುಕಟ್ಟೆಗೆ ಬಂದ ಐವರ್ಮೆಕ್ಟಿನ್ ಕೆಲವೇ ವರ್ಷಗಳಲ್ಲಿ ಲೋಕದಲ್ಲೇ ಅತಿ ಹೆಚ್ಚು ಮಾರಾಟವಾಗುವ ಪಶು ಔಷಧವಾಯಿತು.

ಕಂಪನಿ ಅಷ್ಟಕ್ಕೇ ನಿಂತಿದ್ದರೂ ಯಾರೂ ಕೇಳುತ್ತಿರಲಿಲ್ಲ. ಕುದುರೆಯ ಫಲಿತಾಂಶ ಕೈಗೆ ಬಂದಾಗ ಕ್ಯಾಂಪ್‌ಬೆಲ್, ಈ ಔಷಧ ಮನುಷ್ಯರ ನದಿಕುರುಡಿಗೂ ಆಗಬಹುದು ಎಂದು ಸಂಶೋಧನಾ ವಿಭಾಗದ ಮುಖ್ಯಸ್ಥ ರಾಯ್ ವ್ಯಾಜೆಲೊಸ್ ಅವರ ಮುಂದೆ ಪ್ರಸ್ತಾಪ ಇಟ್ಟರು. ಆಸ್ಟ್ರೇಲಿಯಾದಲ್ಲಿ ದನಗಳ ಓಂಕೊಸರ್ಕಾ ಹುಳುಗಳ ಮೇಲೂ ಪರೀಕ್ಷೆ ನಡೆಯಿತು. ಮರಿಹುಳುಗಳು ಹೋದವು, ಬೆಳೆದ ಹುಳುಗಳು ಉಳಿದವು. ಬೆಳೆದ ಹುಳುವನ್ನು ಕೊಲ್ಲದ ಔಷಧದಿಂದ ಏನು ಪ್ರಯೋಜನ ಎಂದು ಅನುಮಾನಿಸಿದ ತಜ್ಞರಿದ್ದರು. ವ್ಯಾಜೆಲೊಸ್ ಮುಂದುವರಿಯಲು ಹೇಳಿದರು.

ಮನುಷ್ಯರ ಮೇಲಿನ ಮೊದಲ ಪರೀಕ್ಷೆಯ ಹೊಣೆ ಹೊತ್ತವರು ಮರ್ಕ್‌ನಲ್ಲಿದ್ದ ವೈದ್ಯ ಮೊಹಮ್ಮದ್ ಅಜೀಜ್. ಈಗಿನ ಬಾಂಗ್ಲಾದೇಶದಲ್ಲಿ ಹುಟ್ಟಿ, ಆಫ್ರಿಕಾದಲ್ಲಿ ಕೆಲಸ ಮಾಡಿ ಆ ರೋಗವನ್ನು ಹತ್ತಿರದಿಂದ ಕಂಡಿದ್ದವರು. 1981ರಲ್ಲಿ ಸೆನೆಗಲ್‌ನ ಡಾಕರ್‌ನಲ್ಲಿ, ಅಲ್ಲಿನ ವೈದ್ಯರ ಜೊತೆಗೂಡಿ, ಇನ್ನೂ ಕಣ್ಣಿಗೆ ರೋಗ ತಾಗದ ಕೆಲವೇ ರೋಗಿಗಳಿಗೆ ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿದರು. ಚರ್ಮದ ಒಂದು ಚೂರನ್ನು ಚಿವುಟಿದಂತೆ ತೆಗೆದು ಉಪ್ಪುನೀರಿನಲ್ಲಿಟ್ಟರೆ ಮರಿಹುಳುಗಳು ಹೊರಗೆ ಈಜಿ ಬರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವನ್ನು ಎಣಿಸಬಹುದು. ಔಷಧ ಕೊಟ್ಟ ಬಳಿಕ ಆ ಎಣಿಕೆ ಪಾತಾಳಕ್ಕಿಳಿಯಿತು, ತಿಂಗಳುಗಟ್ಟಲೆ ಮೇಲೇಳಲಿಲ್ಲ. ಡಿಇಸಿ ಎಬ್ಬಿಸುತ್ತಿದ್ದ ಭೀಕರ ಪ್ರತಿಕ್ರಿಯೆಯೂ ಇರಲಿಲ್ಲ. 1982ರಲ್ಲಿ ವರದಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದಿನ ಪರೀಕ್ಷೆಗಳು ಘಾನಾ, ಲೈಬೀರಿಯಾ ಮೊದಲಾದೆಡೆ ನಡೆದವು. ವರ್ಷಕ್ಕೊಮ್ಮೆ ಒಂದು ಸಲ ನುಂಗುವ ಮಾತ್ರೆ ಕಣ್ಣು ಉಳಿಸುತ್ತದೆ ಎಂಬುದು ಖಚಿತವಾಯಿತು. ಅಜೀಜ್ 1987ರಲ್ಲೇ ಕ್ಯಾನ್ಸರಿನಿಂದ ತೀರಿಕೊಂಡರು. ಈ ಔಷಧದ ಕಥೆಯಲ್ಲಿ ಅವರ ಹೆಸರು ಈಗ ಕೇಳಿಬರುವುದಕ್ಕಿಂತ ಎಷ್ಟೋ ಹೆಚ್ಚು ಕೇಳಿಬರಬೇಕು.

ಔಷಧ ಸಿದ್ಧವಾಯಿತು, ಕೊಳ್ಳುವವರು ಯಾರು? ರೋಗ ಇದ್ದವರ ಬಳಿ ಹಣವಿರಲಿಲ್ಲ, ಅವರ ಸರ್ಕಾರಗಳ ಬಳಿಯೂ ಇರಲಿಲ್ಲ. ದಾನಿಗಳು ಮುಂದೆ ಬರಲಿಲ್ಲ. 1987ರ ಅಕ್ಟೋಬರ್ 21ರಂದು, ಆಗ ಕಂಪನಿಯ ಅಧ್ಯಕ್ಷರಾಗಿದ್ದ ವ್ಯಾಜೆಲೊಸ್, ನದಿಕುರುಡಿಗೆ ಬೇಕಾದ ಮಾತ್ರೆಯನ್ನು ಬೇಕಾದಷ್ಟು, ಬೇಕಾದಷ್ಟು ಕಾಲ ಉಚಿತವಾಗಿ ಕೊಡುವುದಾಗಿ ಪ್ರಕಟಿಸಿದರು. ಪಶು ಔಷಧದ ಲಾಭ ಬೆನ್ನಿಗಿತ್ತು ಎಂಬುದು ನಿಜ. ಆದರೂ ಕೊನೆಯ ದಿನಾಂಕವಿಲ್ಲದ ಮಾತು ಕೊಡುವುದು ಸಣ್ಣ ತೀರ್ಮಾನವಲ್ಲ, ಮತ್ತು ಆ ಮಾತು ಈವರೆಗೆ ನಡೆದುಬಂದಿದೆ. ಅಂದಿನಿಂದ ನೂರಾರು ಕೋಟಿ ಡೋಸ್‌ಗಳು ಹೋಗಿವೆ.

ಅದಕ್ಕೂ ಮೊದಲೇ, 1974ರಿಂದ, ಪಶ್ಚಿಮ ಆಫ್ರಿಕಾದ ನದಿಗಳ ಮೇಲೆ ಹೆಲಿಕಾಪ್ಟರುಗಳು ವಾರವಾರ ಕೀಟನಾಶಕ ಸಿಂಪಡಿಸಿ ನೊಣದ ಮರಿಗಳನ್ನು ಕೊಲ್ಲುತ್ತಿದ್ದವು. ಆಮೇಲೆ ಮಾತ್ರೆಯೂ ಕೈಜೋಡಿಸಿತು. 2002ರಲ್ಲಿ ಆ ಕಾರ್ಯಕ್ರಮ ಮುಗಿಯುವ ಹೊತ್ತಿಗೆ 6 ಲಕ್ಷ ಜನರ ಕುರುಡು ತಪ್ಪಿತ್ತು, ಜನ ಬಿಟ್ಟುಹೋಗಿದ್ದ 2.5 ಕೋಟಿ ಹೆಕ್ಟೇರ್ ಭೂಮಿ ಮತ್ತೆ ಉಳುಮೆಗೆ ದಕ್ಕಿತ್ತು. ಹೆಲಿಕಾಪ್ಟರ್ ಹೋಗಲಾಗದ ದೇಶಗಳಲ್ಲಿ 1995ರಿಂದ ಬೇರೆ ದಾರಿ ಹಿಡಿದರು. ಯಾರು ಮಾತ್ರೆ ಹಂಚಬೇಕು, ಯಾವ ತಿಂಗಳಲ್ಲಿ ಹಂಚಬೇಕು ಎಂಬುದನ್ನು ಊರಿನವರೇ ಕೂತು ತೀರ್ಮಾನಿಸುವುದು. ತಕ್ಕಡಿ ಇಲ್ಲದ ಊರಲ್ಲಿ ತೂಕ ನೋಡುವುದು ಹೇಗೆ? ಗುರುತು ಹಾಕಿದ ಒಂದು ಕೋಲು ಸಾಕಾಯಿತು. ಅದರ ಪಕ್ಕ ನಿಂತಾಗ 90 ಸೆಂಟಿಮೀಟರ್ ಮುಟ್ಟದ ಮಗುವಿಗೆ ಮಾತ್ರೆಯಿಲ್ಲ. ಎತ್ತರ ಹೆಚ್ಚಿದಂತೆ ಒಂದು, ಎರಡು, ಮೂರು. 159 ಮುಟ್ಟಿದವರಿಗೆ ನಾಲ್ಕು. ಹಿಂದೆ ಕುರುಡರನ್ನು ನಡೆಸುತ್ತಿದ್ದ ಕೋಲು, ಈಗ ಕುರುಡು ಬಾರದಂತೆ ಅಳೆಯುವ ಕೋಲಾಯಿತು.

ಕೊಲಂಬಿಯಾ 2013ರಲ್ಲಿ, ಆನಂತರ ಈಕ್ವೆಡಾರ್, ಮೆಕ್ಸಿಕೊ, ಗ್ವಾಟೆಮಾಲಾ ಈ ರೋಗದಿಂದ ಮುಕ್ತವಾದವು. ಆಫ್ರಿಕಾದಲ್ಲಿ ಮೊದಲನೆಯದಾಗಿ ನೈಜರ್ ದೇಶ 2025ರ ಜನವರಿಯಲ್ಲಿ ಆ ಪಟ್ಟಿ ಸೇರಿತು. ಮಧ್ಯ ಆಫ್ರಿಕಾದ ಕಾಡುಗಳಲ್ಲಿ ಮಾತ್ರ ಕೆಲಸ ನಿಧಾನ. ಅಲ್ಲಿ ಲೋವಾ ಎಂಬ ಇನ್ನೊಂದು ಹುಳುವಿದೆ. ರಕ್ತದಲ್ಲಿ ಅದರ ಮರಿಗಳು ತೀರಾ ಹೆಚ್ಚಿದ್ದವರಿಗೆ ಐವರ್ಮೆಕ್ಟಿನ್ ಕೊಟ್ಟರೆ ಮಿದುಳಿಗೆ ಅಪಾಯ. ಹಾಗಾಗಿ ಮೊಬೈಲ್ ಫೋನಿಗೆ ಜೋಡಿಸಿದ ಸಣ್ಣ ಸೂಕ್ಷ್ಮದರ್ಶಕದಿಂದ ಮೊದಲು ರಕ್ತ ನೋಡಿ, ಅಂಥವರನ್ನು ಬಿಟ್ಟು ಉಳಿದವರಿಗೆ ಮಾತ್ರೆ ಕೊಡುವ ವಿಧಾನ ಬಂದಿದೆ.

ಈ ಔಷಧ ಕನ್ನಡ ನಾಡಿನ ಹಳ್ಳಿಗಳಿಗೂ ಬಂದದ್ದು ಆನೆಕಾಲು ರೋಗದ ನೆಪದಿಂದ. ಆ ರೋಗದ ಹುಳುವೂ ನದಿಕುರುಡಿನ ಹುಳುವಿನ ದೂರದ ನೆಂಟನೇ; ಅದರ ಮರಿಗಳು ರಾತ್ರಿ ಹೊತ್ತು ರಕ್ತಕ್ಕೆ ಬರುವುದರಿಂದ ಆರೋಗ್ಯ ಸಿಬ್ಬಂದಿ ಜನ ಮಲಗುವ ವೇಳೆಗೆ ರಕ್ತ ತೆಗೆಯಲು ಹೋಗುತ್ತಾರೆ. ಹಿಂದೆ ಡಿಇಸಿ ಮತ್ತು ಆಲ್ಬೆಂಡಜೋಲ್ ಎರಡನ್ನೇ ವರ್ಷವರ್ಷ ಹಂಚುತ್ತಿದ್ದರು. ಅವೆರಡರ ಜೊತೆ ಐವರ್ಮೆಕ್ಟಿನ್ ಸೇರಿಸಿದರೆ ಮರಿಹುಳುಗಳು ಹೆಚ್ಚು ಕಾಲ ತಲೆಯೆತ್ತುವುದಿಲ್ಲ ಎಂದು ಪಪುವಾ ನ್ಯೂಗಿನಿಯ ಅಧ್ಯಯನಗಳು ತೋರಿಸಿದ್ದವು. ಮೂರನ್ನೂ ಊರಿಗೆ ಊರೇ ನುಂಗಿದರೆ ಸುರಕ್ಷಿತವೇ ಎಂದು ತಿಳಿಯಲು ಐದು ದೇಶಗಳಲ್ಲಿ 26,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನ ನಡೆಯಿತು. ಭಾರತದಲ್ಲಿ ಅದಕ್ಕೆ ಆರಿಸಿದ್ದು ಯಾದಗಿರಿ ಜಿಲ್ಲೆಯನ್ನು. ನಡೆಸಿದವರು ಪುದುಚೇರಿಯ ರೋಗವಾಹಕ ಕೀಟ ಸಂಶೋಧನಾ ಕೇಂದ್ರದವರು. ಫಲಿತಾಂಶ ಸಮಾಧಾನ ತಂದಿತು. ಮುಂದೆ ದೇಶದಲ್ಲಿ ಮೂರು ಔಷಧಗಳ ಹಂಚಿಕೆ ಶುರುವಾದಾಗ ಮೊದಲ ಜಿಲ್ಲೆಗಳಲ್ಲಿ ಯಾದಗಿರಿಯೂ ಇತ್ತು. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು, ಎತ್ತರ ನೋಡಿ, ಗರ್ಭಿಣಿಯರನ್ನೂ ಚಿಕ್ಕ ಮಕ್ಕಳನ್ನೂ ಬಿಟ್ಟು, ತಮ್ಮೆದುರಿಗೇ ಮಾತ್ರೆ ನುಂಗಿಸುವ ಕೆಲಸ ಅದು. ಕಾಯಿಲೆಯಿಲ್ಲದ ಮೈಗೆ ಮಾತ್ರೆ ಯಾಕೆ ಎಂದು ಕೇಳುವವರಿಗೆ ಮನೆಮನೆಯಲ್ಲೂ ಉತ್ತರ ಕೊಡಬೇಕು. ಸಂಶೋಧನೆಯ ಅರ್ಧದಷ್ಟು ಫಲ ನಿಂತಿರುವುದು ಆ ಮಾತುಕತೆಯ ಮೇಲೆ.

ಇಷ್ಟು ಒಳ್ಳೆಯ ಔಷಧವನ್ನು ಎಲ್ಲದಕ್ಕೂ ಬಳಸುವ ಆಸೆ ಹುಟ್ಟುವುದು ಸಹಜ, ಆದರೆ ಅದರಿಂದ ಹಾನಿಯಾಗಿದೆ. ಕೋವಿಡ್ ಕಾಲದಲ್ಲಿ ಲೋಕವೆಲ್ಲ ಐವರ್ಮೆಕ್ಟಿನ್ ನುಂಗಿತು, ಕೆಲವರು ಕುದುರೆಗೆ ತಿನ್ನಿಸುವ ಪೇಸ್ಟನ್ನೇ ತಿಂದರು. ದೊಡ್ಡ ಪರೀಕ್ಷೆಗಳಲ್ಲಿ ಅದರಿಂದ ಕೋವಿಡ್‌ಗೆ ಪ್ರಯೋಜನ ಕಾಣಲಿಲ್ಲ. ಔಷಧ ಹಾಕಿದ ದನದ ಸಗಣಿಯಲ್ಲೂ ಅದು ಉಳಿದು, ಸಗಣಿಯನ್ನು ಮಣ್ಣಿಗೆ ಸೇರಿಸುವ ಜೀರುಂಡೆಗಳಿಗೆ ಕುತ್ತು ತರುತ್ತದೆ. ಕುರಿಗಳ ರಕ್ತ ಹೀರುವ ಹಿಮೋಂಕಸ್ ಹುಳು 1980ರ ದಶಕದಲ್ಲೇ ದಕ್ಷಿಣ ಆಫ್ರಿಕಾದಲ್ಲಿ ಈ ಔಷಧಕ್ಕೆ ಬಗ್ಗದಾಯಿತು. ಎಲ್ಲ ಕುರಿಗಳಿಗೂ ಪದೇ ಪದೇ ಕೊಟ್ಟದ್ದೇ ಅದಕ್ಕೆ ಕಾರಣ. ಅಲ್ಲಿನ ಪಶುವೈದ್ಯರು ಆಮೇಲೆ ಕಂಡುಕೊಂಡ ಉಪಾಯ ಸರಳ: ಕುರಿಯ ಕೆಳರೆಪ್ಪೆ ಬಿಡಿಸಿ ಒಳಗಿನ ಬಣ್ಣವನ್ನು ಒಂದು ಬಣ್ಣದ ಚೀಟಿಯ ಜೊತೆ ಹೋಲಿಸುವುದು. ಬಿಳಚಿಕೊಂಡಿದ್ದರೆ ಮಾತ್ರ ಔಷಧ. ಅದೇ ಹುಳು ನಮ್ಮ ಕುರಿಗಳಲ್ಲೂ ಇದೆ. ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುವ ಕುರಿಗಳನ್ನು ಇಲ್ಲಿನ ಕುರಿಗಾಹಿಗಳೂ ಬಲ್ಲರು. ಇಡೀ ಮಂದೆಗೆ ಕಣ್ಣು ಮುಚ್ಚಿ ಔಷಧ ಹೊಡೆಯುವ ರೂಢಿಯನ್ನು ಬಿಡಿಸುವುದು ಪಶುವೈದ್ಯ ಇಲಾಖೆಯ ತುರ್ತು ಕೆಲಸವಾಗಬೇಕು.

2015ರಲ್ಲಿ ಕ್ಯಾಂಪ್‌ಬೆಲ್ ಮತ್ತು ಒಮುರಾ ವೈದ್ಯಕೀಯ ನೊಬೆಲ್‌ನ ಅರ್ಧ ಭಾಗವನ್ನು ಹಂಚಿಕೊಂಡರು. ಉಳಿದರ್ಧ ಮಲೇರಿಯಾ ಔಷಧಕ್ಕಾಗಿ ಚೀನಾದ ಟು ಯೂಯೂ ಅವರಿಗೆ ಸಂದಿತು. ಕ್ಯಾಂಪ್‌ಬೆಲ್ ನಿವೃತ್ತಿಯ ನಂತರ ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದಲ್ಲಿ ಎಳೆಯ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತಾ ಬಂದವರು. ಹುಳುಗಳ ಮೇಲೆ ಕವಿತೆ ಬರೆದವರು, ಅವುಗಳ ಚಿತ್ರಗಳನ್ನು ಬಣ್ಣಬಣ್ಣವಾಗಿ ಬಿಡಿಸಿದವರು. ಒಮುರಾ ತಮಗೆ ಬಂದ ರಾಯಧನದಿಂದ ಆಸ್ಪತ್ರೆ ಕಟ್ಟಿಸಲು ನೆರವಾದರು, ಹುಟ್ಟೂರಿನಲ್ಲಿ ಕಲಾ ಸಂಗ್ರಹಾಲಯ ತೆರೆದರು.

ಬೆಳೆದ ಹುಳುವನ್ನು ಕೊಲ್ಲುವ ಔಷಧದ ಹುಡುಕಾಟ ಇನ್ನೂ ನಡೆದಿದೆ. ಈ ಹುಳುಗಳ ಮೈಯೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇದೆ. ಡಾಕ್ಸಿಸೈಕ್ಲಿನ್‌ನಿಂದ ಅದನ್ನು ಕೊಂದರೆ ಹುಳು ಬಂಜೆಯಾಗಿ ನಿಧಾನವಾಗಿ ಸಾಯುತ್ತದೆ. ಆದರೆ ವಾರಗಟ್ಟಲೆ ದಿನವೂ ಮಾತ್ರೆ ನುಂಗಬೇಕು. 2018ರಲ್ಲಿ ಮನುಷ್ಯರ ಬಳಕೆಗೆ ಒಪ್ಪಿಗೆ ಪಡೆದ ಮಾಕ್ಸಿಡೆಕ್ಟಿನ್ ಮರಿಹುಳುಗಳನ್ನು ಐವರ್ಮೆಕ್ಟಿನ್‌ಗಿಂತ ಹೆಚ್ಚು ಕಾಲ ಅಡಗಿಸುತ್ತದೆ. ಅದೂ ದನ, ಕುರಿ, ನಾಯಿಗಳಿಗೆ ಕೊಡುತ್ತಿದ್ದ ಔಷಧವೇ. ಬೆಕ್ಕು ನಾಯಿಗಳ ಜಂತುಹುಳುವಿಗೆ ಬಳಸುವ ಎಮೊಡೆಪ್ಸೈಡ್ ಎಂಬ ಇನ್ನೊಂದು ಔಷಧದ ಮೂಲವಸ್ತು ಜಪಾನಿನ ಕ್ಯಾಮೆಲಿಯಾ ಗಿಡದ ಎಲೆಯ ಮೇಲಿನ ಶಿಲೀಂಧ್ರದಿಂದ ಬಂದದ್ದು. ಬೆಳೆದ ಓಂಕೊಸರ್ಕಾ ಹುಳುವನ್ನೂ ಅದು ಕೊಲ್ಲಬಲ್ಲದೇ ಎಂಬುದನ್ನು ಘಾನಾದಲ್ಲಿ ರೋಗಿಗಳ ಮೇಲೆ ಪರೀಕ್ಷಿಸಲು ಆರಂಭಿಸಿದ್ದಾರೆ.